ಮೂವತ್ತೆರಡು ಮುಳ್ಳಿನ ಬಟ್ಟೆ

ನಮ್ಮ ಅಣು ಕೆಲಸ ಮಾಡುತ್ತದೆ. ಆ ತಿಂಗಳು ಈ ಮಾತನ್ನು ಎಷ್ಟು ಸಲ ಹೇಳಿದೆನೋ ನನಗೇ ಗೊತ್ತಿಲ್ಲ. ಹಣ ಕೊಡುವ ಸಮಿತಿಗೆ ಹೇಳಿದೆ, ನಮ್ಮ ನಿರ್ದೇಶಕರಾದ ಹಾಲೇಶಪ್ಪನವರಿಗೆ ಹೇಳಿದೆ, ಕೊನೆಗೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಒಬ್ಬ ಹೆಂಗಸಿಗೂ ಹೇಳಿದೆ. ಆಕೆ ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋದರು.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಅದರ ಮೇಲೆ ನಮ್ಮ ಬಟ್ಟೆಯ ಚೂರು ಇಟ್ಟರೆ, ಬೆಳಿಗ್ಗೆ ಹೊತ್ತಿಗೆ ಚೂರಿನ ಕೆಳಗೆ ಒಂದೂ ಉಳಿದಿರುವುದಿಲ್ಲ. ಅದೇ ಬಟ್ಟೆ ಜನರ ಮನೆಗೆ ಹೋಯಿತೆಂದರೆ ಹಳೇ ಪಂಚೆಯ ತುಂಡಿಗಿಂತ ಕಡೆ. ನಲವತ್ತು ಮನೆಗೆ ಕೊಟ್ಟಿದ್ದೆವು. ಒಂಬತ್ತು ಮನೆಯಲ್ಲಿ ಗಾಯ ಮಾಯಿತು, ಮೂವತ್ತೊಂದು ಮನೆಯಲ್ಲಿ ಮಾಯಲಿಲ್ಲ. ಆ ಮೂವತ್ತೊಂದರಲ್ಲಿ ನಮ್ಮಕ್ಕ ಇಂದುಮತಿಯ ಮನೆಯೂ ಒಂದು. ಸಕ್ಕರೆ ಕಾಯಿಲೆಯ ಅವಳ ಎಡಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ, ಒಂದು ಹುಣ್ಣಾಗಿತ್ತು. ಇನ್ನು ಹನ್ನೆರಡು ದಿನದಲ್ಲಿ ಅದು ಎರಡು ಬೆರಳಗಲಕ್ಕಿಂತ ಚಿಕ್ಕದಾಗದಿದ್ದರೆ ಅವಳ ಪಾದ ಹೋಗುತ್ತಿತ್ತು.

ಹುಣ್ಣಿಗೆಲ್ಲ ಪಾದ ತೆಗೆಯುತ್ತಾರೆಯೇ ಎಂದು ಕೇಳುವವರು ಈಗ ಯಾರೂ ಇಲ್ಲ. ಆಂಟಿಬಯಾಟಿಕ್ ಮಾತ್ರೆಗಳು ಒಂದೊಂದಾಗಿ ಕೈಕೊಟ್ಟು ಹದಿನೆಂಟು ವರ್ಷವಾಯಿತು. ನೆಗಡಿಗೂ ನುಂಗಿ, ಕೋಳಿಗೂ ತಿನ್ನಿಸಿ, ಜ್ವರ ಬಿಟ್ಟ ಕೂಡಲೇ ಅರ್ಧಕ್ಕೆ ಬಿಸಾಡಿ ನಾವೇ ಅವನ್ನು ಮೊಂಡು ಮಾಡಿದೆವು. ಅದು ಹಳೆಯ ಜಗಳ, ಬಿಡಿ. ಈಗ ಹೂವಿನಂಗಡಿಯಲ್ಲಿ ಗುಲಾಬಿಗೆ ಮುಳ್ಳಿರುವಂತಿಲ್ಲ. ಮನೆಯಲ್ಲಿ ಚಾಕು ಇಟ್ಟುಕೊಳ್ಳುವವರು ಕಡಿಮೆ, ತರಕಾರಿಯನ್ನು ಅಂಗಡಿಯಲ್ಲೇ ಹೆಚ್ಚಿಸಿಕೊಂಡು ತರುತ್ತೇವೆ. ಮಕ್ಕಳು ಮೊಣಕಾಲಿಗೆ ದಪ್ಪ ಪಟ್ಟಿ ಕಟ್ಟಿಕೊಂಡು ಕುಂಟೆಬಿಲ್ಲೆ ಆಡುತ್ತವೆ. ಎರಡು ಬೆರಳಗಲ ಮೀರಿದ ಗಾಯ ಗೊತ್ತು ಮಾಡಿದ ದಿನದೊಳಗೆ ಕುಗ್ಗದಿದ್ದರೆ, ವಿಷ ಮೇಲಕ್ಕೇರುವ ಮೊದಲೇ ಆ ಭಾಗವನ್ನು ತೆಗೆಯಬೇಕು ಎಂಬುದು ನಿಯಮ. ಗಾಯವಿದ್ದವರು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕಟ್ಟಿಕೊಳ್ಳಬೇಕು, ಬಿಚ್ಚಿದ ಬಟ್ಟೆಯನ್ನು ಮನೆಯಲ್ಲೇ ಸುಡಬೇಕು ಎಂಬುದೂ ನಿಯಮವೇ.

ಎಲ್ಲಕ್ಕಿಂತ ದೊಡ್ಡ ನಿಯಮ ಸೋಪು. ದಿನಕ್ಕೆ ಮೂರು ಸಲ ಸೈರನ್ ಕೂಗುತ್ತದೆ. ಬಸ್ಸು ನಿಲ್ಲುತ್ತದೆ, ಮೇಷ್ಟ್ರು ಪಾಠ ನಿಲ್ಲಿಸುತ್ತಾರೆ, ಪುರೋಹಿತರು ಮಂತ್ರ ನಿಲ್ಲಿಸುತ್ತಾರೆ, ಊರಿಗೆ ಊರೇ ಮೊಣಕೈವರೆಗೆ ನೊರೆ ಮಾಡಿಕೊಂಡು ನಿಲ್ಲುತ್ತದೆ. ಹೊರಗಿಂದ ಮನೆಯೊಳಕ್ಕೆ ಬರುವುದು ಏನೇ ಇರಲಿ, ಹಾಲಿನ ಪ್ಯಾಕೆಟ್ಟಾಗಲಿ ಹೊಸ ಸೀರೆಯಾಗಲಿ, ಸೋಪುನೀರಿನಲ್ಲಿ ಮುಳುಗೆದ್ದೇ ಬರಬೇಕು. ನಾನು ಚಿಕ್ಕವಳಿದ್ದಾಗ ಕಾಗದದ ನೆತ್ತಿಯ ಮೇಲೆ ‘ಶ್ರೀ’ ಎಂದು ಬರೆಯುತ್ತಿದ್ದೆವು. ಈಗ ಆ ಜಾಗದಲ್ಲಿ ‘ಸೋಪು ಮೊದಲು’ ಎಂದಿರುತ್ತದೆ. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ತಿಥಿಯ ಕಾರ್ಡು ಎಲ್ಲದರ ಮೇಲೂ. ಅದನ್ನು ಯಾರೂ ಓದುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ.

ಹಾಗೆಂದು ಸೋಪನ್ನು ಬೈಯುವ ಹಾಗಿಲ್ಲ. ಅದಿಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಇವತ್ತು ಇರುತ್ತಿರಲಿಲ್ಲ. ಭದ್ರಾವತಿಯಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದವಳು ನಮ್ಮಕ್ಕ. ಭಾವ ಗಡ್ಡ ಕೆರೆದುಕೊಳ್ಳುವಾಗ ಆದ ಒಂದು ಸಣ್ಣ ಗೀರಿನಿಂದ ಒಂಬತ್ತೇ ದಿನದಲ್ಲಿ ತೀರಿಕೊಂಡರು. ಹದಿನೈದು ದಿನ ಕಳೆಯುವುದರೊಳಗೆ ಅಕ್ಕ ನೊರೆ ಕಾರ್ಯಕರ್ತೆಯಾಗಿ ಸೇರಿದಳು. ಬಕೆಟ್ಟು ಹಿಡಿದು ಬೀದಿ ಬೀದಿ ಸುತ್ತಿದಳು, ಬೈಸಿಕೊಂಡಳು, ಬೈದಳು, ಕೈ ಹಿಡಿದು ತೊಳೆಸಿದಳು. ಊರಿಗೆಲ್ಲ ಅವಳು ನೊರೆಯಮ್ಮ. ಈಗಲೂ ಅವಳು ಎದುರು ಬಂದರೆ ದೊಡ್ಡ ದೊಡ್ಡ ಅಧಿಕಾರಿಗಳು ಕೈಯುಗುರು ಮುಚ್ಚಿಕೊಳ್ಳುತ್ತಾರೆ.

ಇನ್ನು ನಮ್ಮ ಅಣುವಿನ ವಿಷಯ. ಎಂದೋ ಮುಚ್ಚಿಹೋದ ಒಂದು ಕಾರ್ಖಾನೆಯ ಗೋದಾಮಿನಲ್ಲಿ ನಮ್ಮ ಗಾಯ ಸಂಶೋಧನಾ ಕೇಂದ್ರವಿದೆ. ಅಲ್ಲಿ ನಾನು ಮತ್ತು ನನ್ನ ಸಹಾಯಕಿ ನಸೀಮಾ ಆರು ವರ್ಷದಿಂದ ಒಂದೇ ಅಣುವಿನ ಬೆನ್ನು ಹತ್ತಿದ್ದೆವು. ನಡುವೆ ಒಂದು ಪುಟ್ಟ ತಿರುಳು, ಅದಕ್ಕೆ ನಾಲ್ಕು ಕೈ. ಒಂದು ಸುತ್ತು ಕ್ರಿಯೆ ನಡೆಸಿದರೆ ಪ್ರತಿ ಕೈಯ ತುದಿಯೂ ಕವಲೊಡೆದು ಎರಡಾಗುತ್ತದೆ. ನಾಲ್ಕು ಎಂಟಾಗಿ, ಎಂಟು ಹದಿನಾರಾಗಿ, ಹದಿನಾರು ಮೂವತ್ತೆರಡಾಗುತ್ತದೆ. ಹೇಳುವುದಕ್ಕೆ ಸುಲಭ. ಒಂದೊಂದು ಸುತ್ತಿಗೆ ಎರಡು ವಾರ, ಸರಿಯಾಗಿ ಕವಲೊಡೆಯದ ಅಣುಗಳನ್ನು ಸೋಸಿ ತೆಗೆಯುವುದಕ್ಕೆ ಮತ್ತೊಂದು ವಾರ, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ತಯಾರಿಗೆ ಬಳಸುವ ಅಮೀನು ಎಂಬ ರಾಸಾಯನಿಕಗಳಿಗೆ ಕೊಳೆತ ಮೀನಿನ ವಾಸನೆ ಬೇರೆ. ಆರು ವರ್ಷದಿಂದ ನನ್ನ ಪಕ್ಕ ಯಾರೂ ಇಷ್ಟಪಟ್ಟು ಕೂತಿಲ್ಲ.

ಆ ಮೂವತ್ತೆರಡು ತುದಿಗಳಿಗೂ ಧನ ವಿದ್ಯುದಂಶ. ಬ್ಯಾಕ್ಟೀರಿಯಾದ ಹೊರಮೈಗೆ ಋಣ ವಿದ್ಯುದಂಶ. ಒಂದನ್ನೊಂದು ಎಳೆಯುತ್ತವೆ. ಬ್ಯಾಕ್ಟೀರಿಯಾ ಬಂದು ಅಂಟಿಕೊಂಡಿತೆಂದರೆ ಈ ತುದಿಗಳು ಮುಳ್ಳಿನ ಹಾಗೆ ಅದರ ಪೊರೆಯನ್ನು ಹರಿದು ಒಳಗಿರುವುದನ್ನೆಲ್ಲ ಹೊರಗೆ ಚೆಲ್ಲಿಬಿಡುತ್ತವೆ. ನಮ್ಮ ಜೀವಕೋಶಗಳ ಹೊರಮೈಗೆ ಅಷ್ಟು ಋಣವಿಲ್ಲದ್ದರಿಂದ ಅವು ಬಚಾವು. ಆಸೆಬುರುಕರಾಗಿ ಇನ್ನೊಂದು ಸುತ್ತು ಹೋಗಿ ಅರವತ್ತನಾಲ್ಕು ಮಾಡಿದಾಗ ಅದು ರಕ್ತಕಣಗಳನ್ನೂ ಹರಿಯತೊಡಗಿತು, ಅದಕ್ಕೇ ಮೂವತ್ತೆರಡಕ್ಕೆ ನಿಲ್ಲಿಸಿದೆವು. ಹಳೆಯ ಮಾತ್ರೆಗಳು ಬ್ಯಾಕ್ಟೀರಿಯಾದ ಒಳಗಿನ ಯಾವುದೋ ಒಂದು ಕೆಲಸ ಕೆಡಿಸುತ್ತಿದ್ದವು, ಅದು ಬೇರೆ ದಾರಿ ಕಂಡುಕೊಂಡಿತು. ಹೊದ್ದ ಪೊರೆಯನ್ನೇ ಬದಲಿಸಿಕೊಳ್ಳುವುದು ಅದಕ್ಕೂ ಅಷ್ಟು ಸುಲಭವಲ್ಲ. ಈ ಅಣುವನ್ನು ಹತ್ತಿಯ ನೂಲಿಗೆ ಬಿಡದ ಹಾಗೆ ಬೆಸೆದು, ಜಾಲಿ ಬಟ್ಟೆ ಎಂದು ಹೆಸರಿಟ್ಟು, ಪ್ಯಾಕೆಟ್ಟು ಮಾಡಿ ಮನೆಗಳಿಗೆ ಕೊಟ್ಟೆವು. ಆಮೇಲೆ ಶುರುವಾಯಿತು ನನ್ನ ತಲೆನೋವು.

“ಒಂಬತ್ತು ಪಾಸು, ಮೂವತ್ತೊಂದು ಫೇಲು,” ಎಂದರು ಹಾಲೇಶಪ್ಪ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು. “ಸಮಿತಿಯವರಿಗೆ ಏನಂತ ಹೇಳ್ಲಿ ವನಮಾಲಾ ಅವರೇ?”

“ಅಣು ಕೆಲಸ ಮಾಡುತ್ತೆ ಸರ್.”

“ಅದನ್ನ ನೀವು ಹೇಳಿದ್ದೀರಿ.”

“ಮನೆಗಳಲ್ಲಿ ಏನೋ ಆಗ್ತಿದೆ.”

“ಏನೋ ಅಂದ್ರೆ?”

ಅದು ಗೊತ್ತಿದ್ದರೆ ನಾನು ಅವರ ಮುಂದೆ ಕೈಕಟ್ಟಿ ನಿಂತಿರುತ್ತಿದ್ದೆನೆ? ಉಳಿದ ಪ್ಯಾಕೆಟ್ಟುಗಳಿಂದ ಬಟ್ಟೆ ತೆಗೆದು ಪರೀಕ್ಷಿಸಿದ್ದಾಯಿತು, ಎಲ್ಲ ಸರಿಯಿತ್ತು. ಬಿಸಿಲಿಗಿಟ್ಟು, ತೇವಕ್ಕಿಟ್ಟು, ಮೂರು ತಿಂಗಳು ಹಳೆಯದು ಮಾಡಿ ನೋಡಿದ್ದಾಯಿತು. ಕಟ್ಟಿ ಬಿಚ್ಚಿದ ಬಟ್ಟೆ ಒಂದೇ ಒಂದು ಕೈಗೆ ಸಿಕ್ಕಿದ್ದರೆ ಸಾಕಿತ್ತು. ಅದನ್ನು ಸುಟ್ಟೇ ತೀರಬೇಕು, ನಿಯಮ.

“ತಿಂಗಳ ಕೊನೆಗೆ ಯೋಜನೆ ಮುಚ್ಚಿ ಅಂತ ಪತ್ರ ಬಂದಿದೆ,” ಎಂದರು ಅವರು. ಆಮೇಲೆ ಎಂದಿನಂತೆ ಚಹದ ಲೋಟ ಎತ್ತಿಕೊಂಡು, “ನೋಡೋಣ,” ಎಂದರು. ಆರು ವರ್ಷದಲ್ಲಿ ಅವರು ಈ ‘ನೋಡೋಣ’ ಬಿಟ್ಟು ಬೇರೇನಾದರೂ ಕೊಟ್ಟಿದ್ದರೆ ನನಗೆ ನೆನಪಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಹಳೇ ಕ್ವಾರ್ಟರ್ಸಿನ ಅಕ್ಕನ ಮನೆಗೆ ಹೋದರೆ ಅವಳು ಬಾಗಿಲಲ್ಲೇ ತಡೆದಳು. ಕುರ್ಚಿ ಹಾಕಿಕೊಂಡು, ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ಬಕೆಟ್ಟು.

“ಅಲ್ಲೇ ನಿಲ್ಲು. ಕೈ.”

“ಈಗ ತಾನೇ ತೊಳ್ಕೊಂಡು ಬಂದಿದ್ದೀನಿ ಅಕ್ಕಾ.”

“ಮೀನು ಮಾರ್ಕೆಟ್ಟಿಂದ ಎದ್ದು ಬಂದ ಹಾಗೆ ನಾತ ಹೊಡೀತಿದ್ದೀಯ. ಮೊಣಕೈ ತನಕ ತೊಳಿ. ಉಗುರು ಸಂದಿ ಬಿಡಬೇಡ.”

ನನಗೆ ನಲವತ್ತಾರು ವರ್ಷ. ಡಾಕ್ಟರೇಟ್ ಪಡೆದು ಇಪ್ಪತ್ತು ವರ್ಷ ಆಗುತ್ತ ಬಂತು. ಬಾಯಿ ಮುಚ್ಚಿಕೊಂಡು ತೊಳೆದೆ. ಅಮ್ಮ ಬೇಗ ಹೋದಮೇಲೆ ನನ್ನನ್ನು ಬೆಳೆಸಿದವಳು ಅವಳು. ಅವಳೆದುರು ವಾದ ಮಾಡುವುದು ಗೋಡೆಗೆ ಹೇಳಿದ ಹಾಗೆ ಎಂದು ನಾಲ್ಕನೇ ಕ್ಲಾಸಿನಿಂದಲೇ ಗೊತ್ತಿತ್ತು.

“ಹುಣ್ಣು ಹೇಗಿದೆ?”

“ಹಾಗೇ ಇದೆ.”

“ಬಿಚ್ಚು, ನೋಡ್ತೀನಿ.”

“ಇನ್ನೊಬ್ಬರು ನೋಡೋ ಹಾಗಿಲ್ಲ.”

“ನಾನು ಡಾಕ್ಟರು ಅಕ್ಕಾ.”

“ನೀನು ಆ ಡಾಕ್ಟರಲ್ಲ.”

“ಹೋಗ್ಲಿ, ಹೇಳಿದ ಹಾಗೇ ಕಟ್ಕೋತಿದ್ದೀಯ ತಾನೆ? ದಿನಾ ಹೊಸ ಬಟ್ಟೆ?”

“ನಿನ್ನ ಪ್ಯಾಕೆಟ್ಟಿನ ಮೇಲೆ ಇರೋದರಲ್ಲಿ ಒಂದಕ್ಷರ ತಪ್ಪಿಲ್ಲ ಕಣೇ.”

“ಮತ್ತೆ ಕದ್ದು ಸಿಹಿಗಿಹಿ ತಿಂತಿದ್ದೀಯೇನೋ.”

ಅವಳು ನನ್ನನ್ನು ಕೆಕ್ಕರಿಸಿ ನೋಡಿದಳು. ಆಮೇಲೆ, “ವನೂ, ಆಗಲ್ಲ ಅಂದ್ರೆ ಆಗಲ್ಲ ಅನ್ನು. ಎರಡು ಬೆರಳಿನ ನಿಯಮ ಅಂತ ನಾನು ಎಷ್ಟು ಜನರನ್ನ ಆಸ್ಪತ್ರೆಗೆ ಕಳಿಸಿಲ್ಲ? ನಂಗೊಂದು ಬೇರೆ ನಿಯಮ ಇರುತ್ತಾ?” ಎಂದಳು. ಆ ಕಾಲಿನಲ್ಲಿ ಅವಳು ಈ ಊರಿನ ಪ್ರತಿ ಓಣಿ ಸುತ್ತಿದ್ದಾಳೆ. ಅದು ಹೋದರೆ ಅವಳು ಮನೆಯೊಳಗೆ ಕೂತು ಏನು ಮಾಡುತ್ತಾಳೆ?

ಮರುದಿನದಿಂದ ನಾನೇ ಮನೆ ಮನೆ ಹತ್ತಿದೆ. ಮೊದಲು ಫೇಲಾದ ಮನೆಗಳಿಗೆ ಹೋದೆ. ಹದಿಮೂರು ಮನೆ ನೋಡುವುದರಲ್ಲಿ ಆರು ದಿನ ಕಳೆಯಿತು. ಒಂದಕ್ಕಿಂತ ಒಂದು ಅಚ್ಚುಕಟ್ಟು. ನೆಲದಲ್ಲಿ ಮುಖ ಕಾಣುತ್ತಿತ್ತು. ಎಲ್ಲರೂ ಪ್ಯಾಕೆಟ್ಟಿನ ಸೂಚನೆಯನ್ನು ಬಾಯಿಪಾಠ ಒಪ್ಪಿಸಿದರು, ಸಮಯಕ್ಕೆ ಸರಿಯಾಗಿ ಕಟ್ಟಿಕೊಂಡಿದ್ದರು, ಒಂದು ದಿನವೂ ತಪ್ಪಿಸಿರಲಿಲ್ಲ. ಒಬ್ಬ ನಿವೃತ್ತ ಹೆಡ್ಮಾಸ್ಟರು ಕಟ್ಟಿದ ವೇಳೆಯನ್ನು ಡೈರಿಯಲ್ಲಿ ಬರೆದಿಟ್ಟಿದ್ದರು. ಇಂಥ ಜನಕ್ಕೆ ಯಾಕೆ ವಾಸಿಯಾಗುವುದಿಲ್ಲ ಎಂದು ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಆಮೇಲೆ ವಾಸಿಯಾದವರ ಕಡೆ ಹೊರಟೆ. ಮೊದಲನೆಯವನು ಲಾರಿ ಮೆಕ್ಯಾನಿಕ್ ಚೌಡಪ್ಪ. ಅವನು ಲಾರಿಯ ಅಡಿಯಿಂದ ತೆವಳಿಕೊಂಡು ಹೊರಗೆ ಬಂದು, ಗ್ರೀಸು ಮೆತ್ತಿದ ತೋಳನ್ನು ನನ್ನ ಮುಖದ ಹತ್ತಿರ ತಂದ. ತಗಡು ಕೊಯ್ದ ಜಾಗ ತೆಳ್ಳಗೆ ಗುಲಾಬಿ ಬಣ್ಣವಾಗಿ ಕೂಡಿಕೊಂಡಿತ್ತು.

“ಎಂಟೇ ದಿನ ಮೇಡಂ. ಬಟ್ಟೆ ಅಂದ್ರೆ ಬಟ್ಟೆ.”

“ಹೇಗೆ ಕಟ್ಕೊಂಡ್ರಿ?”

“ಹೇಗೆ ಅಂದ್ರೆ? ಪ್ಯಾಕೆಟ್ ಹರಿದೆ, ಸುತ್ತಿದೆ. ಇನ್ನೇನಾದ್ರೂ ಮಾಡ್ಬೇಕಿತ್ತಾ?”

“ಸೈರನ್ ಆದಾಗ ಕೈ ತೊಳೀತೀರಾ?”

“ಸೈರನ್ ಟೈಮಿಗೆ ನಾನು ಲಾರಿ ಕೆಳಗಿರ್ತೀನಿ. ಕೇಳ್ಸಲ್ಲ,” ಎಂದು ಕಣ್ಣು ಮಿಟುಕಿಸಿದ. “ನೊರೆಯಮ್ಮನಿಗೆ ಮಾತ್ರ ಹೇಳ್ಬೇಡಿ. ಎರಡು ಸಲ ಹಿಡಿದು ಹಾಕಿದ್ದಾರೆ.”

ಎರಡನೆಯ ಮನೆ ಮೂರನೇ ಮಹಡಿಯಲ್ಲಿತ್ತು. ಪೈಪು ಒಡೆದು ಹನ್ನೊಂದು ದಿನ ನಲ್ಲಿಯಲ್ಲಿ ನೀರೇ ಬಂದಿರಲಿಲ್ಲವಂತೆ. ಮೂರನೆಯದರಲ್ಲಿ ಅಣ್ಣತಮ್ಮಂದಿರಿಬ್ಬರೇ ಇದ್ದರು. ಆ ಮನೆಯ ವಾಸನೆಗೆ ನನ್ನ ಮೀನಿನ ವಾಸನೆಯೇ ಹಿತ ಅನ್ನಿಸಿತು. ಇಬ್ಬರೂ ಸೋಪಿನ ಪೆಟ್ಟಿಗೆಯ ಮೇಲೆ ಟಿವಿ ಇಟ್ಟುಕೊಂಡಿದ್ದರು.

ಫೋನಿನಲ್ಲಿ ಹಾಲೇಶಪ್ಪನವರಿಗೆ ಹೇಳಿದೆ.

“ಅಂದ್ರೆ ಕೊಳಕರಿಗೆ ಮಾತ್ರ ವಾಸಿಯಾಗುತ್ತೆ ಅಂತ ಸಮಿತಿಗೆ ಬರೀಲಾ?” ಎಂದರು ಅವರು.

“ಬರೀಬೇಡಿ ಸರ್. ಆದ್ರೆ ಅದು ನಿಜ.”

“ನೋಡೋಣ.”

ಫೋನು ಬಿಸಾಡಬೇಕೆನ್ನಿಸಿತು. ಬಸ್ಸು ಹತ್ತಿದೆ. ಸೇತುವೆಯ ಹತ್ತಿರ ಬರುವಾಗ ಮಧ್ಯಾಹ್ನದ ಸೈರನ್ ಆಯಿತು. ಬಸ್ಸು ನಿಂತಿತು. ಕಂಡಕ್ಟರು ಎಲ್ಲರ ಅಂಗೈಗೂ ಸೋಪಿನ ದ್ರಾವಣ ಸುರಿಯುತ್ತ ಬಂದ. ನಾನೂ ಉಜ್ಜಿಕೊಂಡೆ. ಚೌಡಪ್ಪನಿಂದ ತಗುಲಿದ ಗ್ರೀಸು ಬೆರಳಿನಿಂದ ಬಿಟ್ಟುಕೊಂಡು ನೊರೆಯಲ್ಲಿ ಕಪ್ಪಗೆ ತೇಲುತ್ತಿತ್ತು. ಜಿಡ್ಡನ್ನು ಎತ್ತುವುದು ಸೋಪಿನ ಅಣುವಿನ ಬಾಲ. ಹಾಗಾದರೆ ಅದರ ತಲೆ?

ತಲೆ ಋಣ. ಪಿಯುಸಿ ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ. ಸೋಪಿನ ಅಣುವಿನ ತಲೆಗೆ ಋಣ ವಿದ್ಯುದಂಶ. ಬಟ್ಟೆಯನ್ನು ಸೋಪುನೀರಿಗೆ ಹಾಕಿದರೆ ಆ ತಲೆಗಳು ಓಡಿಬಂದು ನನ್ನ ಮುಳ್ಳುಗಳಿಗೆ ಒಂದೊಂದಾಗಿ ಕಚ್ಚಿಕೊಳ್ಳುತ್ತವೆ. ಮೂವತ್ತೆರಡು ಮುಳ್ಳಿಗೂ ಟೋಪಿ ಹಾಕಿದ ಹಾಗೆ. ಆಮೇಲೆ ಎಷ್ಟು ನೀರಲ್ಲಿ ಜಾಲಿಸಿದರೂ ಬಿಡುವುದಿಲ್ಲ. ಹೊರಗಿಂದ ಮನೆಯೊಳಕ್ಕೆ ಬಂದದ್ದು ಏನೇ ಇದ್ದರೂ ಸೋಪಿನಲ್ಲಿ ಮುಳುಗಿಸಬೇಕು. ಪ್ಯಾಕೆಟ್ಟು ಹೊರಗಿಂದ ಬಂದದ್ದು. ಬಟ್ಟೆ ಪ್ಯಾಕೆಟ್ಟಿನೊಳಗಿಂದ ಬಂದದ್ದು. ನಾನು ನೊರೆ ಕೈಯಲ್ಲೇ ಬಸ್ಸಿನಿಂದಿಳಿದು ಪ್ರಯೋಗಾಲಯದ ಕಡೆ ಓಡಿದೆ.

ನಸೀಮಾ ಬಟ್ಟೆಯ ಒಂದು ಚೂರನ್ನು ಹಾಗೇ ಇಟ್ಟಳು, ಇನ್ನೊಂದನ್ನು ಸೋಪುನೀರಿನಲ್ಲಿ ಅದ್ದಿ, ನಾಲ್ಕು ಸಲ ಶುದ್ಧ ನೀರಿನಲ್ಲಿ ಜಾಲಿಸಿ ಇಟ್ಟಳು. ಬೆಳಿಗ್ಗೆ ಬಂದು ನೋಡಿದರೆ ಮೊದಲ ತಟ್ಟೆ ಸ್ವಚ್ಛ. ಎರಡನೆಯದರಲ್ಲಿ, ಬಟ್ಟೆಯ ಕೆಳಗೂ ಮೇಲೂ, ಹಾಲಿನ ಕೆನೆಯಷ್ಟು ದಪ್ಪ ಬ್ಯಾಕ್ಟೀರಿಯಾ.

“ಮೇಡಂ, ಸೋಪಿನ ಜೊತೆ ನಾವು ಒಂದು ಸಲವಾದ್ರೂ ಟೆಸ್ಟ್ ಮಾಡಿದ್ವಾ?” ಎಂದು ಮೆಲ್ಲಗೆ ಕೇಳಿದಳು.

ಮಾಡಿರಲಿಲ್ಲ. ಸೋಪಿನ ಪಸೆ ಉಳಿದರೆ ಅಣುವಿನ ತಯಾರಿ ಕೆಡುತ್ತದೆಂದು ನಾವೇ ಪ್ರಯೋಗಾಲಯದೊಳಕ್ಕೆ ಸೋಪು ಬಿಡುತ್ತಿರಲಿಲ್ಲ. ಕೈ ತೊಳೆಯುವುದೂ ಹೊರಗಿನ ನಲ್ಲಿಯಲ್ಲಿ. ಇಡೀ ದೇಶ ಸೋಪಿನಲ್ಲಿ ಮುಳುಗಿರುವಾಗ ಸೋಪಿಲ್ಲದ ಒಂದೇ ಒಂದು ಕೋಣೆ ಕಟ್ಟಿಕೊಂಡು, ಅದರೊಳಗೆ ಕೂತು, ಅಣು ಕೆಲಸ ಮಾಡುತ್ತದೆ ಎಂದು ಬೊಬ್ಬೆ ಹೊಡೆಯುತ್ತಿದ್ದೆವು. ಅಕ್ಕನ ಗಡುವಿಗೆ ಮೂರು ದಿನ ಉಳಿದಿತ್ತು.

ಅಕ್ಕನ ಮನೆ ತಲುಪುವ ಹೊತ್ತಿಗೆ ನನ್ನ ಕೋಪವೆಲ್ಲ ಅವಳ ಕಡೆ ತಿರುಗಿತ್ತು.

“ಬಟ್ಟೆನ ಸೋಪಲ್ಲಿ ತೊಳೆದು ಕಟ್ಕೋತಿದ್ದೀಯಾ?”

“ಮತ್ತೆ? ತೊಳೀದೆ ಕಟ್ಕೋತಾರಾ?”

“ಅಕ್ಕಾ, ಅದು ಲ್ಯಾಬಿಂದ ಬಂದ ಬಟ್ಟೆ. ಸೀಲಾಗಿರೋ ಬಟ್ಟೆ. ತೊಳಿ ಅಂತ ಯಾರು ಹೇಳಿದ್ರು ನಿಂಗೆ? ಎಲ್ಲದರಲ್ಲೂ ನಿಂದೇ ನಿನಗೆ. ಯಾವಾಗ ನನ್ನ ಮಾತು ಕೇಳಿದ್ದೀಯ ನೀನು?”

ಅವಳು ಗೋಡೆ ಹಿಡಿದು ಎದ್ದಳು, ಕುಂಟುತ್ತ ಒಳಗೆ ಹೋದಳು, ಒಂದು ಖಾಲಿ ಪ್ಯಾಕೆಟ್ಟು ತಂದು ನನ್ನ ಕೈಯಲ್ಲಿಟ್ಟಳು.

ಪ್ಯಾಕೆಟ್ಟಿನ ನೆತ್ತಿಯ ಮೇಲೆ, ನಮ್ಮ ಕೇಂದ್ರದ ಮುದ್ರೆಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ‘ಸೋಪು ಮೊದಲು’ ಎಂದಿತ್ತು. ಅದರ ಕೆಳಗೆ, ‘ನಂತರ ಬಟ್ಟೆಯನ್ನು ಗಾಯದ ಮೇಲೆ ನೇರವಾಗಿ ಕಟ್ಟಿ.’

ಪ್ರೆಸ್ಸಿನವನು ಎಲ್ಲದಕ್ಕೂ ಹಾಕುವ ಹಾಗೆ ಅದಕ್ಕೂ ಹಾಕಿ, ಕೆಳಗಿನ ಸಾಲಿಗೆ ‘ನಂತರ’ ಸೇರಿಸಿದ್ದ. ಕರಡು ನನ್ನ ಮೇಜಿಗೆ ಬಂದಿತ್ತು. ನಾಲ್ಕು ಸಲ ಓದಿದ್ದೆ. ‘ನಂತರ’ ಎಂಬ ಪದ ಸುಮ್ಮನೆ ಬಂದಂತಿದೆ ಅನ್ನಿಸಿಯೂ ಹೋಗಲಿ ಎಂದು ಬಿಟ್ಟಿದ್ದೆ, ಒಂದು ಅಲ್ಪವಿರಾಮ ತಿದ್ದಿ ಸಹಿ ಹಾಕಿದ್ದೆ. ಮೇಲಿನ ಸಾಲು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಹದಿನೆಂಟು ವರ್ಷದಿಂದ ಯಾರ ಕಣ್ಣಿಗೂ ಬೀಳದ ಸಾಲು ಅದು.

“ನಿನ್ನ ಪ್ಯಾಕೆಟ್ಟು,” ಎಂದಳು ಅಕ್ಕ. “ನಿನ್ನ ಮಾತೇ ಕೇಳಿದ್ದು.”

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ನನ್ನಿಂದ ಆಯಿತು ಅಕ್ಕಾ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಿಯಮ ಮುರಿದು ನಾನೂ ಕೋಣೆಯೊಳಗೆ ಹೋದೆ. ಅವಳ ಹುಣ್ಣನ್ನು ಮೊದಲ ಸಲ ನೋಡಿದೆ. ನಾತಕ್ಕೆ ಮುಖ ತಿರುಗಿಸದಿರಲು ತುಟಿ ಕಚ್ಚಿಕೊಳ್ಳಬೇಕಾಯಿತು. ಕುದಿಸಿ ಆರಿಸಿದ ಬರೀ ನೀರಿನಲ್ಲಿ ತೊಳೆದು, ಹೊಸ ಪ್ಯಾಕೆಟ್ಟು ಹರಿದು, ಒಣ ಬಟ್ಟೆಯನ್ನು ಹಾಗೇ ಕಟ್ಟಿದೆ. ನಾನು ಕಟ್ಟಿ ಮುಗಿಸುವವರೆಗೂ ಅವಳು ಕಣ್ಣು ಮುಚ್ಚಿ ಕುರ್ಚಿಯ ಕೈ ಹಿಡಿದುಕೊಂಡಿದ್ದಳು. ನೋವಿಗಲ್ಲ. ತೊಳೆಯದ ಬಟ್ಟೆ ಮೈ ಮುಟ್ಟುವುದನ್ನು ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ಇತ್ತ ಉಳಿದ ಮೂವತ್ತು ಮನೆ. ಕೆಲವರಿಗೆ ಇನ್ನು ಎರಡು ವಾರ ಇತ್ತು, ಕೆಲವರಿಗೆ ಒಂದೇ ವಾರ. ಪ್ಯಾಕೆಟ್ಟಿನ ಮೇಲಿನ ಆ ಎರಡು ಪದ ತೆಗೆಯಲು ಅನುಮತಿ ಕೇಳಿದರೆ, ಶುಚಿತ್ವ ಇಲಾಖೆಯವರು ಮುಂದಿನ ತಿಂಗಳ ಸಭೆಯಲ್ಲಿ ಇಡುತ್ತೇವೆ ಎಂದರು. ಅಷ್ಟರವರೆಗೆ ಸೋಪು ಬೇಡ ಎಂದು ಯಾರಿಗಾದರೂ ಹೇಳಿದರೆ ಅದು ಅಪರಾಧ ಎಂಬುದನ್ನೂ ನೆನಪಿಸಿದರು. ನಸೀಮಾ ಅದನ್ನು ಕಿವಿಗೆ ಹಾಕಿಕೊಳ್ಳದೆ ಫೋನು ಹಚ್ಚಿದಳು. ಆರು ಮನೆಯವರು ಪೂರ್ತಿ ಕೇಳದೆ ಫೋನಿಟ್ಟರು. ಡೈರಿಯ ಹೆಡ್ಮಾಸ್ಟರು, “ಇಂಥ ವಂಚಕರ ವಿಷಯ ಪೇಪರಲ್ಲಿ ಓದಿದ್ದೀನಿ,” ಎಂದು ಪೊಲೀಸರಿಗೆ ದೂರು ಕೊಟ್ಟರು. ಸಂಜೆ ಇಬ್ಬರು ಪೇದೆಗಳು ಬಂದು ನಸೀಮಾಳ ಹೇಳಿಕೆ ಬರೆದುಕೊಂಡು ಹೋದರು. ಅವರು ಹೋಗುವಾಗ ಬಾಗಿಲಲ್ಲಿ ಕೈ ತೊಳೆದುಕೊಂಡು ಹೋದರು.

ಹಾಲೇಶಪ್ಪನವರು ಅಂದು ‘ನೋಡೋಣ’ ಎನ್ನಲಿಲ್ಲ. “ನಾನೇ ಸಹಿ ಹಾಕಿ ಎಲ್ಲರಿಗೂ ಕಾಗದ ಬರೀತೀನಿ. ಆಮೇಲೆ ಏನಾಗುತ್ತೋ ಆಗ್ಲಿ,” ಎಂದರು. ಮತ್ತೆ ತಾವೇ, “ಆದ್ರೆ ಯಾರು ನಂಬ್ತಾರೆ? ನೊರೆಯಮ್ಮ ಹೇಳಿದ್ರೆ ನಂಬ್ತಾರೆ,” ಎಂದರು.

ಅದು ನನಗೂ ಹೊಳೆದಿತ್ತು. ಕೇಳಿದೆ. ಅಕ್ಕ ಆಗುವುದಿಲ್ಲ ಎಂದು ತಲೆಯಾಡಿಸಿದಳು.

“ನನ್ನ ಕಾಲು ನಿನ್ನ ಕೈಗೆ ಕೊಟ್ಟಿದ್ದೀನಿ, ಏನಾದ್ರೂ ಮಾಡ್ಕೋ. ಊರಿಗೆ ಸೋಪು ಬಿಡಿ ಅಂತ ನಾನು ಹೇಳಲ್ಲ.”

“ಆ ಬಟ್ಟೆಗೆ ಮಾತ್ರ ಅಕ್ಕಾ.”

“ಇವತ್ತು ಬಟ್ಟೆಗೆ ಬೇಡ ಅಂದ್ರೆ ನಾಳೆ ಕೈಗೆ ಬೇಡ ಅಂತಾರೆ. ಜನರನ್ನ ನಾನು ನೋಡಿದ್ದೀನಿ, ನೀನು ನೋಡಿಲ್ಲ. ಒಂದೊಂದು ಮನೇಲಿ ಹೆಣ ಎತ್ತಿದ ಮೇಲೆ ಕೈ ತೊಳಿಯೋದು ಕಲ್ತಿದ್ದು ಅವರು. ನಿನ್ನ ಭಾವ ಹೋದಾಗ ನಮ್ಮನೇಲಿ ಒಂದು ಸೋಪಿನ ಬಿಲ್ಲೆ ಇರಲಿಲ್ಲ, ಗೊತ್ತಾ ನಿಂಗೆ?”

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಆದರೆ ಮೂವತ್ತು ಜನರ ಕೈಕಾಲು ನೆನೆದು ಅವಳ ಮೇಲೂ ನನ್ನ ಮೇಲೂ ಸಿಟ್ಟು ಬಂತು.

ಎರಡನೆಯ ದಿನ ಬಟ್ಟೆ ಬಿಚ್ಚಿದಾಗ ಕೀವು ಇರಲಿಲ್ಲ. ನಾತವೂ ಇರಲಿಲ್ಲ. ಅಕ್ಕ ಬಗ್ಗಿ, ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದಳು. ನನಗೆ ಆಸೆ ಹುಟ್ಟಿಬಿಟ್ಟಿತು. ಗಡುವಿನ ದಿನ, ಸೋಮವಾರ, ಆಸ್ಪತ್ರೆಯಲ್ಲಿ ಅಳೆಯುವಾಗ ಎರಡು ಬೆರಳಿಗಿಂತ ಚಿಕ್ಕದಾಗಿಯೇ ಇರುತ್ತದೆ ಅನ್ನಿಸಿತು.

ಚಿಕ್ಕದಾಗಿಯೇ ಇತ್ತು. ಸರ್ಜನ್ ಮೆನೆಜಸ್ ಮೇಡಂ ಅಳೆದು ನೋಡಿ ಹುಬ್ಬೇರಿಸಿದರು. ಇಷ್ಟು ಶುಭ್ರವಾದ ಹುಣ್ಣು ನೋಡಿ ಎಷ್ಟೋ ವರ್ಷವಾಯಿತು ಎಂದರು. ಆಮೇಲೆ ಸಣ್ಣ ಕಡ್ಡಿಯೊಂದನ್ನು ಒಳಗೆ ತಾಗಿಸಿ ನೋಡಿದರು, ಎಕ್ಸ್‌ರೇ ಹಿಡಿದು ನೋಡಿದರು, ನನ್ನನ್ನು ಬಾಗಿಲ ಹತ್ತಿರ ಕರೆದರು.

“ಮೇಲೆಲ್ಲ ಚೆನ್ನಾಗಿದೆ. ಆದ್ರೆ ಮೊದಲೇ ಮೂಳೆಗೆ ಇಳಿದುಬಿಟ್ಟಿದೆ, ಪಾದದ ಅರ್ಧದವರೆಗೂ. ನಿಮ್ಮ ಬಟ್ಟೆ ಅಲ್ಲಿಗೆ ಮುಟ್ಟಲ್ಲ. ಒಂದು ವಾರ ಮೊದಲು ಹೀಗಾಗಿದ್ರೆ ನಾನು ಮನೆಗೆ ಕಳಿಸ್ತಿದ್ದೆ. ಹನ್ನೊಂದು ಗಂಟೆಗೆ ಆಪರೇಷನ್ನಿಗೆ ತಗೋತೀವಿ.”

ಒಂದು ವಾರ ಮೊದಲು ನಾನು ಫೇಲಾದವರ ಮನೆಗಳ ಹೊಳೆಯುವ ನೆಲ ನೋಡುತ್ತ ತಿರುಗುತ್ತಿದ್ದೆ. ಅಕ್ಕನ ಹತ್ತಿರ ಹೇಗೆ ಹೋಗುವುದೋ ತಿಳಿಯದೆ ಕಾರಿಡಾರಿನಲ್ಲೇ ನಿಂತೆ. ಅವಳೇ ಕರೆದಳು.

“ಎಲ್ಲ ಕೇಳಿಸ್ತು. ಆ ಡಾಕ್ಟರಮ್ಮನ ಗಂಟಲು ದೊಡ್ಡದು. ಬಾ ಇಲ್ಲಿ.”

ಹೋಗಿ ಮಂಚದ ಪಕ್ಕ ಕೂತೆ. ಅವಳ ಕೈ ಹಿಡಿದುಕೊಂಡು ಅತ್ತೆ. ಅವಳು ಸುಮ್ಮನೆ ಅಳಲು ಬಿಟ್ಟಳು. ಆಮೇಲೆ ಕೇಳಿದಳು:

“ಹದಿನೆಂಟು ವರ್ಷದಲ್ಲಿ ನಾನು ಎಷ್ಟು ಗಾಯ ಮೂಸಿದ್ದೀನಿ ಹೇಳು?”

“ಗೊತ್ತಿಲ್ಲ ಅಕ್ಕಾ.”

“ನಂಗೂ ಗೊತ್ತಿಲ್ಲ. ಒಂದ್ಸಲ ನಾತ ಹಿಡಿದ ಗಾಯ ಎರಡು ದಿನದಲ್ಲಿ ನಾತ ಬಿಟ್ಟಿದ್ದನ್ನ ನಾನು ಇವತ್ತಿನವರೆಗೂ ಕಂಡಿಲ್ಲ.” ಕನ್ನಡಕ ಹಾಕಿಕೊಂಡಳು. “ಬಟ್ಟೆ ತಗೊಂಡವರ ಪಟ್ಟಿ ಇದೆಯಾ ನಿನ್ನ ಹತ್ರ?”

“ಇದೆ.”

“ಗಂಟೆ ಎಷ್ಟು?”

“ಹತ್ತು ಕಾಲು.”

“ನನ್ನ ಫೋನ್ ಕೊಡು. ನೀನು ಒಂದೊಂದೇ ನಂಬರ್ ಓದು.”

ಕೇಂದ್ರ ಕೊಟ್ಟಿದ್ದ ಫೇಲಾದ ಮನೆಗಳ ಪಟ್ಟಿ ಚೀಲದಲ್ಲೇ ಇತ್ತು. ತೆಗೆದು ಓದಿದೆ. ಅವಳು ಒತ್ತಿದಳು.

“ನಾನು, ನೊರೆಯಮ್ಮ. ಆ ಲ್ಯಾಬಿನ ಬಟ್ಟೆ ಕಟ್ಕೋತಿದ್ದೀರಲ್ಲ, ಅದಕ್ಕೆ ಸೋಪು ಮುಟ್ಟಿಸ್ಬೇಡಿ. ಗಾಯಕ್ಕೂ ಬೇಡ, ಕುದಿಸಿ ಆರಿಸಿದ ನೀರು ಸಾಕು. ಬಟ್ಟೆ ಪ್ಯಾಕೆಟ್ಟಿಂದ ತೆಗೆದ ಹಾಗೇ ಕಟ್ಟಿ. ಹೌದು, ನಾನೇ ಹೇಳ್ತಿರೋದು. ಇಲ್ಲ, ತಲೆ ಕೆಟ್ಟಿಲ್ಲ. ಕೈ ತೊಳಿಯೋದು ಬಿಟ್ರೆ ಮಾತ್ರ ನಾನು ಬಂದು ವಿಚಾರಿಸ್ಕೋತೀನಿ.”

ಕೆಲವರು ಎರಡೆರಡು ಸಲ ಕೇಳಿದರು. ಒಬ್ಬಾಕೆ, ಹಾಗಾದರೆ ಇಷ್ಟು ವರ್ಷ ನೀವು ಹೇಳಿದ್ದೆಲ್ಲ ಸುಳ್ಳೇ ಎಂದು ಕೂಗಾಡಿದ್ದು ನನಗೂ ಕೇಳಿಸಿತು. ಅಕ್ಕ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಂಡಳು. “ಸುಳ್ಳಲ್ಲಮ್ಮಾ. ಇದು ಬೇರೆ. ನಿನ್ನ ಗಂಡನ ಕೈ ಉಳೀಬೇಕು ತಾನೆ? ಹೇಳಿದಷ್ಟು ಮಾಡು,” ಎಂದು ಫೋನಿಟ್ಟಳು. ಹೆಡ್ಮಾಸ್ಟರು ಮಾತ್ರ ಅವಳ ದನಿ ಕೇಳಿ, “ನೀವು ಹೇಳಿದ ಮೇಲೆ ಮುಗೀತು,” ಎಂದು ಡೈರಿಯಲ್ಲಿ ಬರೆದುಕೊಂಡರಂತೆ. ನರ್ಸ್ ಒಬ್ಬಳು ಹಸಿರು ಬಟ್ಟೆ ತಂದು ಮಂಚದ ಮೇಲಿಟ್ಟು ಹೋದಳು.

ಹದಿನಾರನೆಯದು ಮುಗಿಯಿತು. ನಾನು ಬೆರಳನ್ನು ಮುಂದಿನ ಸಾಲಿಗೆ ಇಳಿಸಿದೆ. ಹದಿನೇಳು: ಇಂದುಮತಿ, ಹಳೇ ಕ್ವಾರ್ಟರ್ಸ್. ಬೆರಳು ಅಲ್ಲೇ ನಿಂತಿತು.

“ಯಾಕೆ ನಿಲ್ಲಿಸ್ದೆ?”

ಹಾಳೆಯನ್ನು ಅವಳ ಕಡೆ ತಿರುಗಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು.

“ಇದು ಬಿಡು,” ಎಂದಳು. “ಹದಿನೆಂಟು ಹೇಳು.”

ನಾನು ಹದಿನೆಂಟನೆಯ ನಂಬರ್ ಓದಿದೆ.